ಕ್ಯಾಮೆರಾಕ್ಕೆ ನಾಚಿದವರು

ಕೋಲ್ಟನ್, ನೆಬ್ರಾಸ್ಕಾ
ಸೆಪ್ಟೆಂಬರ್ 8, 2023

ಪ್ರೀತಿಯ ಡ್ವೇನ್,

ಹೇಗಿದ್ದೀಯೋ ಮಾರಾಯ? ಚೇಲೊ ತೀರಿಕೊಂಡಾಗ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ತಡವಾಯಿತು, ಬೈದುಕೋ. ಹೆಂಡತಿ ಹೋದ ಮೇಲೆ ಪೆನ್ನು ಹಿಡಿದರೆ ಬರೀ ಒಳ್ಳೆಯ ಮಾತೇ ಬರುತ್ತಿತ್ತು. ಅಂಥದ್ದನ್ನು ಕಳಿಸಿದ್ದರೆ ಇದು ವರ್ಜಿಲ್ ಬರೆದದ್ದಲ್ಲ ಅಂತ ನೀನು ವಾಪಸ್ ಮಾಡುತ್ತಿದ್ದೆ. ಈಗ ಮತ್ತೆ ಕೆಟ್ಟ ಬುದ್ಧಿ ಬಂದಿದೆ, ಅದಕ್ಕೇ ಕೂತೆ. ಅರಿಝೋನಾದಲ್ಲಿ ದಿನಾ ಗಾಲ್ಫ್ ಅಂತೆ ನಿನಗೆ. ನಿನ್ನ ಚೆಂಡು ಗುಂಡಿಗೆ ಬೀಳಲಿ ಬಿಡಲಿ, ನನ್ನ ಗುಂಡಿಗೆ ಇನ್ನೂ ಬಡಿಯುತ್ತಿದೆ.

ಇಲ್ಲಿಯ ಸುದ್ದಿ ಒಂದೇ. ನನ್ನ ಮಗಳು ಲೊರೆನಾಳ ಮಗಳು ರೆನಾಟಾ ಶಾಲೆಯ ಕೊನೆಯ ವರ್ಷಕ್ಕೆ ಬಂದಿದ್ದಾಳೆ. ಸೋಮವಾರ ಅವಳ ಸೀನಿಯರ್ ಫೋಟೊ, ಶಾಲೆ ಬಿಡುವ ಮಕ್ಕಳ ಮುಖ ಇಯರ್‌ಬುಕ್ಕಿಗೆ ಹಾಕುವ ಪಟ. ಮನೆಯಲ್ಲಿ ಮದುವೆಯ ಗದ್ದಲ. ಮೊಡವೆ ಏಳುತ್ತದೆ ಅಂತ ಚಾಕೊಲೇಟ್ ಬಂದ್, ಅಂಗಿಗೆ ಸಿಡಿಯುತ್ತದೆ ಅಂತ ಮಾಂಸ-ಬೀನ್ಸಿನ ಚಿಲ್ಲಿ ಬಂದ್. ಬರೀ ಸಿನಮನ್ ರೋಲ್ ತಿಂದು ನಾನು ಬದುಕಿದ್ದೇನೆ. ಹುಡುಗಿ ಕನ್ನಡಿಯ ಮುಂದೆ ನಿಂತು ನಗು ಅಭ್ಯಾಸ ಮಾಡುತ್ತಾಳೆ. ಹಲ್ಲು ತೋರಿಸಬೇಕೋ ಬೇಡವೋ ಅಂತ ನನ್ನನ್ನೂ ಕೇಳಿದಳು. ನನ್ನ ಹಲ್ಲನ್ನಾದರೆ ತಟ್ಟೆಯಲ್ಲಿಟ್ಟು ಬೇರೆಯಾಗಿಯೇ ಫೋಟೊ ತೆಗೆಸಬಹುದು, ನಿನ್ನದು ಬಾಯಲ್ಲೇ ಇದೆಯಲ್ಲ, ತೋರಿಸು ಅಂದೆ. ಕಿವಿಗೆ ಹಾಕುವುದು ಅಜ್ಜಿಯ ಬೆಳ್ಳಿಯ ಓಲೆ. ಕೂದಲಿಗೆ ಅಜ್ಜಿಯ ರೋಲರ್ ಸುತ್ತಿಕೊಂಡು ಮೊನ್ನೆ ಅಡುಗೆಮನೆಗೆ ಬಂದಳು ನೋಡು, ನನ್ನ ಕೈಯಲ್ಲಿದ್ದ ಕಾಫಿ ಚೆಲ್ಲಿತು.

ಫೋಟೊ ತೆಗೆಯುವವನು ಯಾರು ಅಂತ ನೀನು ಕೇಳಲೇ ಇಲ್ಲ. ಕ್ಲೈಡ್ ಪ್ರೂಯಿಟ್. ನಮ್ಮ ತರಗತಿಯ ಅದೇ ಕ್ಲೈಡ್. ಅಪ್ಪನ ಸ್ಟುಡಿಯೊ ಈಗ ಅವನದು. ಕ್ಯಾಮೆರಾ ಹಿಡಿಯುವುದು ಅವನ ಮಗಳು, ಹುಡುಗಿಯರ ಹೆಗಲಿಗೆ ಕಪ್ಪು ಮಖಮಲ್ಲು ಹೊದಿಸಿ ಪಿನ್ನು ಚುಚ್ಚುವುದು ಮಾತ್ರ ಇಂದಿಗೂ ಅವನೇ.

ನಿನಗೆ ನೆನಪಿದೆಯಲ್ಲ? ನಮ್ಮ ಸೀನಿಯರ್ ಫೋಟೊದ ದಿನ ಸಾಲಿನಲ್ಲಿ ನನ್ನ ಹಿಂದೆಯೇ ನೀನು ನಿಂತಿದ್ದೆ. ಎಲ್ಲ ಹುಡುಗಿಯರಿಗೂ ಅದೊಂದೇ ಮಖಮಲ್ಲು. ಒಬ್ಬಳ ಹೆಗಲಿನಿಂದ ಇನ್ನೊಬ್ಬಳ ಹೆಗಲಿಗೆ. ಕ್ಲೈಡನ ಅಪ್ಪ ಪಟ ತೆಗೆಯುತ್ತಿದ್ದ, ಕ್ಲೈಡ್ ಹೊದಿಸುತ್ತಿದ್ದ. ಚೇಲೊಳ ಸರದಿ ಬಂದಾಗ ಅವನು ಮಖಮಲ್ಲನ್ನು ತನ್ನ ಎದೆಗೆ ಅವುಚಿಕೊಂಡು ಹೇಳಿದ: "ಬೀಟ್ ಹೊಲದ ಮಣ್ಣು ಇದಕ್ಕೆ ಹತ್ತಿಬಿಡುತ್ತೆ. ನಿನ್ನನ್ನ ಕೊನೇಲಿ ತಗೋತೀವಿ, ಪಕ್ಕಕ್ಕೆ ನಿಲ್ಲು."

ಅವಳು ಕತ್ತು ಕೆಂಪಾಗುವ ತನಕ ನಿಂಬೆಹಣ್ಣು ತಿಕ್ಕಿ ತೊಳೆದುಕೊಂಡು ಬಂದಿದ್ದಳು ಕಣೋ. ಪಕ್ಕಕ್ಕೆ ನಿಂತಳು. ಕೊನೆಯ ಹುಡುಗಿಯದು ಆಯಿತು, ದೀಪ ಆರಿಸಿದರು, ಪೆಟ್ಟಿಗೆ ಕಟ್ಟಿದರು. ಚೇಲೊಳ ತವರಿನ ಇಬಾರಾ ಮನೆಯವರು ಸಕ್ಕರೆಯ ಬೀಟ್ ಗೆಡ್ಡೆ ಕೀಳಲು ಬಂದ ಮೆಕ್ಸಿಕೊದವರು, ಕೇಳುವವರು ಯಾರು? ಮೇ ತಿಂಗಳಲ್ಲಿ ಶಾಲೆಯ ಇಯರ್‌ಬುಕ್ ಬಂತು. ಅದರ ಸಂಪಾದಕನೂ ಈ ಕ್ಲೈಡನೇ. ಫೋಟೊಕ್ಕೆ ಬಾರದವರ ಹೆಸರನ್ನು ಆ ಪುಸ್ತಕದಲ್ಲಿ ಯಾವ ತಲೆಬರಹದ ಕೆಳಗೆ ಹಾಕುತ್ತಾರೆ ಅಂತ ನಿನಗೆ ಗೊತ್ತು. ಬೂದು ಬಣ್ಣದ ಒಂದು ಖಾಲಿ ಚೌಕ, ಅದರೊಳಗೆ ಚೇಲೊಳ ಪೂರ್ತಿ ಹೆಸರಿನೊಂದಿಗೆ: "ಕ್ಯಾಮೆರಾ ಎಂದರೆ ನಾಚಿಕೆ: ಕನ್ಸುಯೆಲೊ ಇಬಾರಾ."

ನಾಚಿಕೆ ಅವಳಿಗಂತೆ! ನಾಚಿಕೆ ಅನ್ನುವುದು ಇರಬೇಕಾದವನಿಗೆ ಇರಲಿಲ್ಲ, ಇಲ್ಲದವಳ ತಲೆಗೆ ಕಟ್ಟಿದರು.

ಚೇಲೊ ಇದ್ದಾಗ ನಾನು ಈ ಮಾತು ಎತ್ತಿದರೆ ಸೌಟು ತೋರಿಸುತ್ತಿದ್ದಳು. ಈಗ ತಡೆಯುವವರಿಲ್ಲ. ಊರವರ ಮುಖ ತೋರಿಸಿಯೇ ಬದುಕಿದವನಿಗೆ ಮುಖಭಂಗವೇ ಆಗಬೇಕು. ನಸುಗುನ್ನಿ ಪುಡಿ ತರಿಸಿ ಇಟ್ಟಿದ್ದೇನೆ. ಸೋಮವಾರ ಅವನು ಅತ್ತ ತಿರುಗಿದಾಗ ಅವನ ಕೋಟಿನ ಕಾಲರಿಗೆ ಒಂದು ಚಿಟಿಕೆ. ತುರಿಸಿಕೊಂಡು ತುರಿಸಿಕೊಂಡು ಮಂಗನ ಹಾಗೆ ಕುಣಿಯಬೇಕು.

ಇದನ್ನು ರೆನಾಟಾಳಿಗೂ ಹೇಳಿದೆ. ಅವಳು ಆ ಹಳೆಯ ಪುಸ್ತಕ ತರಿಸಿಕೊಂಡು ಚೌಕವನ್ನು ನೋಡಿದಳು. ಆಮೇಲೆ ಪುಡಿಯ ಡಬ್ಬಿಯನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ತಾತ, ತುರಿಕೆ ಸ್ನಾನ ಮಾಡಿದ್ರೆ ಹೋಗುತ್ತೆ," ಅಂದಳು. "ಅಚ್ಚಾಗಿದ್ದು ಹೋಗಲ್ಲ. ಈ ವರ್ಷ ಇಯರ್‌ಬುಕ್ಕಿಗೆ ಸಂಪಾದಕಿ ಯಾರು ಗೊತ್ತಾ?"

ಅಚ್ಚುಮೆಚ್ಚಿನ ಮೊಮ್ಮಗಳು ಅಂದರೆ ಅಚ್ಚಿನ ಮೊಮ್ಮಗಳು ಕಣೋ! ನಾನು ಡಬ್ಬಿ ಬಿಟ್ಟುಕೊಟ್ಟೆ.

ನಿನ್ನ ಹಳೆಯ ತುಂಟ,
ವರ್ಜಿಲ್

*

ಕೋಲ್ಟನ್
ಮೇ 17, 2024

ಪ್ರೀತಿಯ ಡ್ವೇನ್,

ನೀನು ಕಳಿಸಿದ ಕಿತ್ತಳೆಹಣ್ಣು ಕ್ರಿಸ್‌ಮಸ್‌ಗೇ ಬಂದು ಮುಟ್ಟಿತು. ವಂದನೆ ಈಗ ಮುಟ್ಟುತ್ತಿದೆ. ಕ್ಷಮಿಸು. ಪುಸ್ತಕ ಅಚ್ಚಾಗಿ ಬರುವ ತನಕ ಬಾಯಿಬಿಡಕೂಡದು ಅಂತ ರೆನಾಟಾ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಹೊಟ್ಟೆ ಉಬ್ಬಿ ಹೋಗಿತ್ತು.

ಮೊದಲು ಆ ಸೋಮವಾರದ್ದು ಹೇಳುತ್ತೇನೆ. ಒಗೆದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಾನೂ ಜೊತೆಗೆ ಹೋದೆ. ಲೊರೆನಾ ಬಾಚಣಿಗೆ ಹಿಡಿದು ಹಿಂದೆ, ರೆನಾಟಾ ಸ್ಟೂಲಿನ ಮೇಲೆ ನೆಟ್ಟಗೆ. ಕ್ಲೈಡ್ ಮಖಮಲ್ಲು ತಂದು ತನ್ನ ಕೈಯಾರೆ ಅವಳ ಹೆಗಲಿಗೆ ಹೊದಿಸಿ, ನಿರಿಗೆ ಸರಿಮಾಡಿ, ಮುದ್ದಾದ ಮುಖ, ಎಲ್ಲೋ ನೋಡಿದ ಹಾಗಿದೆ ಅಂದ. ನಾನು ಬಾಗಿಲಲ್ಲಿ ನಿಂತು ಹೇಳಿದೆ, "ಕ್ಲೈಡ್, ಬೀಟ್ ಹೊಲದ ಮಣ್ಣು ಹತ್ತೀತು, ನೋಡ್ಕೋ."

ಅವನು ನಕ್ಕ ಕಣೋ. "ಏನ್ ಹೇಳ್ತಿದ್ದೀಯೋ ಮುದುಕ, ಮಾತ್ರೆ ನುಂಗೋದು ಮರೆತ್ಯಾ?"

ಅವನಿಗೆ ನೆನಪೇ ಇಲ್ಲ. ಅವತ್ತಿನ ತನಕ ನನಗಿದ್ದದ್ದು ಬರೀ ಸಿಟ್ಟು. ಆ ನಗು ಕೇಳಿದ ಮೇಲೆ ಹಲ್ಲು ಕಡಿದು ಕಡಿದು ಹೊಸ ಹಲ್ಲುಸೆಟ್ಟು ಮಾಡಿಸಬೇಕಾಯಿತು.

ಈ ವರ್ಷ ಅವನಿಗೆ ಸನ್ಮಾನ ಇತ್ತು. ಊರಿನ ಮಕ್ಕಳ ಮುಖಗಳನ್ನು ಇಷ್ಟು ಕಾಲ ಕಾಪಾಡಿದವನು ಅಂತ ಇಯರ್‌ಬುಕ್ಕಿನಲ್ಲಿ ಇಡೀ ಒಂದು ಪುಟ. ಅವನೇ ಟೈ ಕಟ್ಟಿಕೊಂಡು ತನ್ನ ಫೋಟೊ ತೆಗೆಸಿ, ಗಲ್ಲದ ಕೆಳಗಿನ ಜೋಲು ಅಳಿಸಿ ಕಳಿಸಿದ್ದ. ರೆನಾಟಾ ಅದನ್ನು ಹಾಕಲಿಲ್ಲ. ಪುಸ್ತಕದ ಉಸ್ತುವಾರಿ ನೋಡುವ ಮೇಡಂ ಹತ್ತಿರ 1964ರ ನಮ್ಮ ಪುಸ್ತಕ ತೆಗೆದುಕೊಂಡು ಹೋಗಿ, ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿ, ತಾನು ಏನು ಅಚ್ಚು ಹಾಕಬೇಕೆಂದಿದ್ದೇನೆ ಅಂತ ತೋರಿಸಿದಳಂತೆ. ಕೆಲಸ ಹೋಗುತ್ತೋ ಏನೋ ಅಂತ ಮೇಡಂ ಕಿಟಕಿಯ ಹೊರಗೆ ನೋಡಿದರಂತೆ. ಆಮೇಲೆ ಅಕ್ಷರ ಇನ್ನೂ ಸ್ವಲ್ಪ ದಪ್ಪ ಇರಲಿ ಅಂದರಂತೆ.

ನಿನ್ನೆ ಶಾಲೆಯ ಜಿಮ್ಮಿನ ದೊಡ್ಡ ಹಾಲಿನಲ್ಲಿ ಪುಸ್ತಕ ಹಂಚಿದರು. ಮೊದಲ ಪ್ರತಿ ಕ್ಲೈಡನ ಕೈಗೆ. ಎಲ್ಲರೂ ಚಪ್ಪಾಳೆ. ಅವನು ಕನ್ನಡಕ ಏರಿಸಿ ತನ್ನ ಪುಟ ತೆಗೆದ. ಎಡಗಡೆ ರೆನಾಟಾ ಕನ್ಸುಯೆಲೊ ಅನ್ನುವ ಪೂರ್ತಿ ಹೆಸರಿನೊಂದಿಗೆ ಮಖಮಲ್ಲು ಹೊದ್ದ ನಮ್ಮ ಹುಡುಗಿ, ಹಲ್ಲು ತೋರಿಸಿಕೊಂಡು. ಬಲಗಡೆ ಬೂದು ಬಣ್ಣದ ಒಂದು ಖಾಲಿ ಚೌಕ. ಅದರೊಳಗೆ: "ಕ್ಯಾಮೆರಾ ಎಂದರೆ ನಾಚಿಕೆ: ಕ್ಲೈಡ್ ಪ್ರೂಯಿಟ್."

ಪ್ರೆಸ್ಸಿನವರ ತಪ್ಪು ಇರಬೇಕು ಅಂತ ಯಾರೋ ಗೊಣಗಿದರು. ಅವನು ಗೊಣಗಲಿಲ್ಲ. ಚೌಕ ನೋಡಿದ, ಪಕ್ಕದ ಮುಖ ನೋಡಿದ, ಮತ್ತೆ ಚೌಕ ನೋಡಿದ. ಎಲ್ಲಿ ನೋಡಿದ ಮುಖ ಅಂತ ಆಗ ಹೊಳೆಯಿತು. ತಲೆ ಎತ್ತಿ ಇಡೀ ಜಿಮ್ಮಿನಲ್ಲಿ ನನ್ನನ್ನು ಹುಡುಕಿದ. ನಾನು ಬಚ್ಚಿಟ್ಟುಕೊಂಡಿರಲಿಲ್ಲ. ಕೋಲು ಊರಿಕೊಂಡು ಹತ್ತಿರ ಹೋದೆ.

"ವರ್ಜಿಲ್," ಅಂದ, ಮೆಲ್ಲಗೆ, "ಅರವತ್ತು ವರ್ಷ ಆಯ್ತಲ್ಲೋ."

"ಹೌದು ಕ್ಲೈಡ್. ನಾಚ್ಕೊಳ್ಳೋಕೆ ಇನ್ನೂ ಟೈಮಿದೆ."

ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೋದ. ಕತ್ತು ಕೆಂಪಾಗಿತ್ತು, ನಿಂಬೆಹಣ್ಣು ತಿಕ್ಕದೆಯೇ. ಪಾಪ ಅನ್ನಿಸಿತಾ ಅಂತ ಲೊರೆನಾ ಕೇಳಿದಳು. ಇಲ್ಲ. ಮನೆಗೆ ಬಂದು ಎರಡು ಬಟ್ಟಲು ಚಿಲ್ಲಿ ತಿಂದೆ, ಅಂಗಿಯ ಮೇಲೆಲ್ಲ ಚೆಲ್ಲಿಕೊಂಡು.

ದೇವರು ನಿನ್ನ ಮಂಡಿಗಳನ್ನು ಕಾಯಲಿ, ನಿನ್ನ ಚೆಂಡಿಗೆ ಗುಂಡಿ ತೋರಿಸಲಿ. ಮನೆಯವರಿಗೆಲ್ಲ ನನ್ನ ನೆನಪು ಹೇಳು.

ನಿನ್ನ,
ವರ್ಜಿಲ್

ತಾ.ಕ.: ಕಾಗದ ಮಡಿಚಿದ್ದೆ, ಮತ್ತೆ ಬಿಚ್ಚಿದೆ. 1964ರ ಆ ಪುಸ್ತಕ ಬಂದಂದಿನಿಂದ ಚೇಲೊ ಒಂದು ಪಟಕ್ಕೂ ಮುಖ ಕೊಟ್ಟವಳಲ್ಲ. ಮದುವೆಯಲ್ಲಿ ಹೂವಿನ ಗೊಂಚಲು ಅಡ್ಡ ಹಿಡಿದಳು, ಮಗುವಿನ ನಾಮಕರಣದಲ್ಲಿ ಮಗುವನ್ನೇ ಅಡ್ಡ ಹಿಡಿದಳು. ಕ್ಯಾಮೆರಾ ಕಂಡರೆ ಅಂಗೈ ಮೇಲೇಳುತ್ತಿತ್ತು. ಅವಳಿಗೆ ನಾಚಿಕೆ ಜಾಸ್ತಿ ಅಂತ ಊರೆಲ್ಲ ನಗುತ್ತಿತ್ತು, ನಾನೂ ನಗುತ್ತಿದ್ದೆ. ಸುಳ್ಳು ಬರೆದವನು ಅವನು, ಅದನ್ನು ನಿಜ ಮಾಡಿಕೊಂಡು ಬದುಕಿದವಳು ಇವಳು. ಸತ್ತ ಸುದ್ದಿಗೆ ಒಂದು ಫೋಟೊ ಕೊಡಿ ಅಂತ ಪತ್ರಿಕೆಯವರು ಕೇಳಿದಾಗ ಮನೆಯೆಲ್ಲ ತಡಕಿದೆವು. ಸಿಕ್ಕಿದ್ದೆಲ್ಲ ಅಂಗೈ. ಈಗ ಕಣ್ಣು ಮುಚ್ಚಿದರೆ ನನಗೆ ಕಾಣುವುದು ರೆನಾಟಾಳ ಮುಖ, ಚೇಲೊಳದಲ್ಲ.

ನಾವೆಲ್ಲ, ಚೇಲೊಳೂ ಸೇರಿ, ಪ್ಲಾಟ್ ನದಿಗೆ ಈಜಲು ಹೋದ ಆ ಬೇಸಿಗೆ ನಿನ್ನ ಹತ್ತಿರ ಒಂದು ಡಬ್ಬಿ ಕ್ಯಾಮೆರಾ ಇತ್ತಲ್ಲ. ಅದು ಪುಸ್ತಕ ಬರುವ ಮುಂಚಿನ ವರ್ಷ, ಆಗಿನ್ನೂ ಅವಳು ಮುಖ ಮುಚ್ಚುತ್ತಿರಲಿಲ್ಲ. ನಿನ್ನ ಹಳೆಯ ಪೆಟ್ಟಿಗೆಗಳಲ್ಲಿ ಒಮ್ಮೆ ಹುಡುಕು ಡ್ವೇನ್. ಅವಳ ಮುಖ ಮಸುಕಾಗಿದ್ದರೂ ಆದೀತು, ಒಂದು ಮೂಲೆಯಲ್ಲಿದ್ದರೂ ಆದೀತು.