ನೀನು ಹಾಕದ ಕಿವಿ ಮಷಿನ್

ತಮ್ಮಾ,

ನಾನು, ನಿನ್ನ ಹೆಂಡತಿ ಆರೋಗ್ಯವಾಗಿದ್ದೇವೆ. ನಿನ್ನ ಮಗಳಿಗೆ ಮಾತ್ರ ಹುಷಾರಿಲ್ಲ. ಸತ್ತು ನೆಮ್ಮದಿಯಾಗಿರುವ ನಿನಗೂ ಇದು ಗೊತ್ತಾಗಲಿ.

ಇವತ್ತು ಅವಳನ್ನು ಗಂಟಲಿನ ಡಾಕ್ಟರಿಗೆ ತೋರಿಸಿದೆ. ವರ್ಷಗಟ್ಟಲೆ ಕಿರುಚಿ ಧ್ವನಿತಂತುಗಳ ಮೇಲೆ ಗಂಟುಗಳೆದ್ದಿವೆಯಂತೆ. "ಯಾರ ಹತ್ರಮ್ಮ ಇಷ್ಟೊಂದು ಜಗಳ?" ಎಂದರು.

ಜಗಳವೇ? ನಿನ್ನ ಮಿಲ್ಲಿನ ಮರ ಕೊಯ್ಯುವ ಮಷಿನ್ ಸದ್ದು ನಿನ್ನ ಕಿವಿ ತಿಂದಿತು. ನಾನು ತಂದುಕೊಟ್ಟ ಕಿವಿ ಮಷಿನನ್ನು "ನಾನೇನು ಮುದುಕನಾ?" ಎಂದು ನೀನು ಕಪಾಟಿಗೆ ಎಸೆದೆ. ಗಿರಾಕಿಗಳ ಮಾತನ್ನೆಲ್ಲ ಆ ಹುಡುಗಿಯೇ ನಿನ್ನ ಕಿವಿಯಲ್ಲಿ ಕೂಗಬೇಕಾಯಿತು. ನಿನ್ನ ಜಂಬಕ್ಕೆ ಅವಳ ಗಂಟಲು ಬಲಿ!

ದಾರಿಯುದ್ದಕ್ಕೂ ನಿನ್ನನ್ನು ಬೈದೆ. ಒಂದು ಮಾತೂ ಆಡಕೂಡದೆಂದು ಡಾಕ್ಟರು ಹೇಳಿದ್ದರು. ಅದನ್ನು ಮೀರಿ, ಒಡಕು ದನಿಯಲ್ಲಿ ಅವಳು ಹೇಳಿದ್ದು ಇಷ್ಟೇ: "ಅಪ್ಪನ್ನ ಬೈಬೇಡಿ ಅತ್ತೆ."

ಇಂಥವಳಿಗೆ ನಾನೇನು ಹೇಳಲಿ? ಬೇಗ ಬರೆಯೋ, ಹಾಳಾದವನೇ.

ನಿನ್ನ ಅಕ್ಕ