ಎಲ್ಲರಿಗೂ ಬೇಡ, ಗುಬ್ಬಿಗೆ ಮಾತ್ರ

ಮಾರ್ಚ್ 4, ಸಂಜೆ 5

ಇವತ್ತಿಗೆ ಹನ್ನೊಂದನೇ ಸಲ ಮೇಲೆ ಹತ್ತಿ ಇಳಿದೆ. ಜೇಬಿನಲ್ಲಿ ಪೆನ್‌ಡ್ರೈವ್. ಮೆಟ್ಟಿಲು ಹದಿನಾಲ್ಕು, ಮೊಣಕಾಲು ಎರಡೇ.

ದೊಡ್ಡ ಸ್ಕ್ಯಾನರು, ಪ್ರಿಂಟರು, ಹಳೇ ಕಂಪ್ಯೂಟರು ಎಲ್ಲ ಕೆಳಗಿನ ಕೋಣೆಯಲ್ಲಿ. ಗುಬ್ಬಿ ಮೇಲೆ, ಹಾಸಿಗೆಯಲ್ಲಿ, ಮಡಿಲಲ್ಲಿ ಲ್ಯಾಪ್‌ಟಾಪ್. ಅಕ್ಕನ ಮಗಳು. ಎಂಟು ತಿಂಗಳ ಬಸುರಿ. ಮೆಟ್ಟಿಲಿಗೆ ಕಾಲಿಡಕೂಡದು ಅಂತ ಡಾಕ್ಟರಮ್ಮ ಖಡಾಖಂಡಿತ ಹೇಳಿದ್ದಾರೆ. ಆದರೆ ಮಕ್ಕಳ ಪುಸ್ತಕದ ಇಪ್ಪತ್ತನಾಲ್ಕು ಚಿತ್ರ ಈ ತಿಂಗಳ ಇಪ್ಪತ್ತಕ್ಕೆ ಕೊಡಲೇಬೇಕು. ಇಲ್ಲವಾದರೆ ಪ್ರಕಾಶಕರು ಬೇರೆ ಯಾರಿಂದಲೋ ಬರೆಸುತ್ತಾರಂತೆ. ಅವಳದೇ ಕಥೆ, ಅವಳದೇ ಸಮುದ್ರ. ಒಂದು ಮನೆ ಮಧ್ಯಾಹ್ನ ನಿದ್ದೆಹೋಗುತ್ತದೆ, ಸಮುದ್ರ ಸದ್ದಿಲ್ಲದೆ ಒಳಗೆ ಬಂದು ಕೋಣೆ ಕೋಣೆ ನೋಡಿಕೊಂಡು ಹೋಗುತ್ತದೆ. ಅಷ್ಟೇ ಕಥೆ. ಕೇಳಿದಾಗಿನಿಂದ ನನಗೂ ಕಿವಿಯಲ್ಲಿ ನೀರಿನ ಸದ್ದು.

ಅವಳು ಕಾಗದದ ಮೇಲೆ ಬರೆಯುವುದು, ನಾನು ಕೆಳಗೆ ಸ್ಕ್ಯಾನ್ ಮಾಡುವುದು, ಮೇಲೆ ಒಯ್ಯುವುದು, ಅವಳು ತಿದ್ದುವುದು, ಕೆಳಗೆ ತಂದು ಪ್ರಿಂಟ್ ತೆಗೆದು ಬಣ್ಣ ತೋರಿಸುವುದು. ಒಂದೊಂದು ಚಿತ್ರವೂ ಎಮ್ಮೆ ಗಾತ್ರ. ಈ ಬೀದಿಯ ಇಂಟರ್ನೆಟ್‌ಗೆ ಎಮ್ಮೆ ಎಳೆಯುವ ತ್ರಾಣವಿಲ್ಲ.

ಇವತ್ತು ಹಳೇ ಫೈಲನ್ನು ಹೊಸದರ ಮೇಲೆ ಸುರಿದುಬಿಟ್ಟೆ. ಮೂರು ದಿನದ ಕೆಲಸ. ಮೀನುಗಳ ಕಣ್ಣೆಲ್ಲ ಹೋಯಿತು.

ಗುಬ್ಬಿ ಅಳಲಿಲ್ಲ. "ನಾನೇ ಇಳಿದು ಬರ್ತೀನಿ ಮಾವ. ಎರಡೇ ನಿಮಿಷ."

ಅತ್ತಿದ್ದರೆ ವಾಸಿಯಿತ್ತು. "ಸುಮ್ನೆ ಮಲಗು! ಮೂವತ್ತೊಂದು ವರ್ಷ ಟೆಲಿಫೋನ್ ಲೈನ್‌ಮನ್ ಆಗಿದ್ದೋನು ನಾನು. ಬೆಟ್ಟಕ್ಕೂ ಬೆಟ್ಟಕ್ಕೂ ಮಾತು ಹೊಲಿದೋನಿಗೆ ಎರಡು ಕೋಣೆ ಯಾವ ಲೆಕ್ಕ? ಎರಡು ಕಂಪ್ಯೂಟರಿಗೂ ದಾರಿ ಮಾಡಿಕೊಡ್ತೀನಿ. ಕೆಳಗಿನ ಫೋಲ್ಡರು ನಿನ್ನ ಮಡಿಲಲ್ಲೇ ತೆಗೀಬೇಕು, ಹಾಗೆ."

"ಅದೆಲ್ಲ ಗೊತ್ತಾ ನಿಮಗೆ?"

"ಯಾರನ್ನ ಕೇಳ್ತಿದ್ದೀಯ ಅಂತ ಗೊತ್ತಾ ನಿನಗೆ?"

ಗೊತ್ತಿಲ್ಲ. ಇಲ್ಲಿ ಬರೆಯಬಹುದು. ಇದನ್ನು ಓದುವವರಿಲ್ಲ.


ಮಾರ್ಚ್ 5, ಮಧ್ಯಾಹ್ನ

ಎರಡೂ ಕಂಪ್ಯೂಟರು ಒಂದೇ ಡಬ್ಬಿಯ ವೈಫೈ ಕುಡಿಯುತ್ತವೆ. ಆದರೂ ಒಂದಕ್ಕೊಂದು ಮುಖ ಕಾಣುವುದಿಲ್ಲ. ಓರಗಿತ್ತಿಯರ ಹಾಗೆ.

ಏಳನೇ ಮೆಟ್ಟಿಲ ಮೇಲೆ ಕೂತು ಯೋಚಿಸಿದೆ. ಸರಿಯಾಗಿ ನಡುಮಧ್ಯ. ಡಬ್ಬಿ ಅಲ್ಲೇ ಗೋಡೆಗೆ. ಹಸಿರು ದೀಪ ಮಿಣುಕ್, ಮಿಣುಕ್... ಕಿಟಕಿಯ ಬಿಸಿಲು ಮೆಟ್ಟಿಲ ಮೇಲೆ ಅಲೆ ಅಲೆಯಾಗಿ ಇಳಿಯುತ್ತಿತ್ತು. ಕಣ್ಣು ಮುಚ್ಚಿದರೆ ಮನೆಯೇ ತೇಲುತ್ತದೆ.

ಎದ್ದು ಹುಡುಕಿದರೆ — ಕೆಳಗಿನದು ನಮ್ಮನೆ ವೈಫೈಯನ್ನೇ 'ಪಬ್ಲಿಕ್' ಅಂದುಕೊಂಡಿದೆ! ಬಸ್‌ಸ್ಟ್ಯಾಂಡಿನಲ್ಲಿ ಕೂತ ಹೆಂಗಸಿನ ಹಾಗೆ ಸೆರಗು ಬಿಗಿಹಿಡಿದು ಕೂತಿದೆ. 'ಪ್ರೈವೇಟ್' ಅಂತ ಒತ್ತಿದೆ. ಇದು ಮನೆ ಕಣಮ್ಮ, ಆರಾಮಾಗಿರು.

ಮೇಲಿಂದ ಗುಬ್ಬಿ, "ಮಾವಾ! ಕೆಳಗಿನದರ ಹೆಸರು ಕಾಣಿಸ್ತಿದೆ!"

ಅಕ್ಕನಿಗೆ ಹೇಳಿದೆ. "ಊಟಕ್ಕೆ ಬಾ" ಅಂದಳು. ಈ ಮನೆಯಲ್ಲಿ ಪ್ರತಿಭೆಗೆ ಬೆಲೆಯಿಲ್ಲ.


ಮಾರ್ಚ್ 7

ಹೆಸರು ಕಂಡಿತು, ಬಾಗಿಲು ತೆರೆಯಲಿಲ್ಲ. ಪಾಸ್‌ವರ್ಡ್ ಕೇಳುತ್ತದೆ. ಕೆಳಗಿನದಕ್ಕೆ ಪಾಸ್‌ವರ್ಡೇ ಇಲ್ಲ. ಅಕ್ಕನ ಮನೆಯಲ್ಲಿ ಬೀರುವಿಗೇ ಬೀಗವಿಲ್ಲ. ಎದುರಿಗೆ ಕೂತವನನ್ನು ಬರಿಗೈಯಲ್ಲಿ ಒಳಗೆ ಬಿಡುತ್ತದಂತೆ, ದೂರದಿಂದ ಬಂದವನನ್ನು ಬಿಡುವುದಿಲ್ಲವಂತೆ.

ಸರಿ, ಗುಬ್ಬಿ ಹೆಸರಲ್ಲೇ ಕೆಳಗೊಂದು ಅಕೌಂಟ್ ಮಾಡಿ ಪಾಸ್‌ವರ್ಡ್ ಇಟ್ಟೆ.

"ಏನಿಟ್ರಿ?"

"ಮಾವನೇ ಜಾಣ. ನಡುವೆ ಜಾಗ ಬಿಡಬೇಡ."

"ದಿನಾ ಇದನ್ನ ನನ್ನ ಕೈಲಿ ಬರೆಸ್ತೀರಾ?"

"ದಿನಾ ಬರೆದರೆ ನಂಬಿಕೆ ಬರುತ್ತೆ."

ಹೊಟ್ಟೆ ಹಿಡಿದುಕೊಂಡು ನಕ್ಕಳು. ಡಾಕ್ಟರಮ್ಮ ಮೆಟ್ಟಿಲು ಬೇಡ ಅಂದಿದ್ದಾರೆ, ನಗಬೇಡ ಅಂದಿಲ್ಲ.

'ಸಮುದ್ರ' ಫೋಲ್ಡರನ್ನು ಶೇರ್ ಮಾಡಿದೆ. ಅವಳಿಗೆ ಕಂಡಿತು. ಒತ್ತಿದಳು. ಆಕ್ಸೆಸ್ ಡಿನೈಡ್.


ಮಾರ್ಚ್ 10

ಮೂರು ದಿನ ಅದೇ. ತಲೆ ಕೆಟ್ಟು ಕೆರ ಹಿಡಿಯಿತು.

ಬೀದಿ ಕೊನೆಯ ಟೀ ಅಂಗಡಿಗೆ ಹೋದೆ. ಕಂಪ್ಯೂಟರ್ ರಿಪೇರಿ ಮಾಡುವ ಕನ್ನಡಕದವನು, ಎಲ್ಲರ ಬಾಯಲ್ಲಿ ಚಶ್ಮ, ಅಲ್ಲೇ ಇರುತ್ತಾನೆ. ನನಗೂ ಅವನಿಗೂ ಕೇರಂ ಬೋರ್ಡಿನ ಹಳೇ ದ್ವೇಷ. ಅವನನ್ನು ಮನೆಗೆ ಕರೆಯುವುದಕ್ಕಿಂತ ಮೀಸೆ ಬೋಳಿಸಿಕೊಳ್ಳುವುದು ಮೇಲು.

"ನನ್ನ ಸ್ನೇಹಿತನೊಬ್ಬನಿಗೆ ಒಂದು ತೊಂದರೆಯಪ್ಪ. ಫೋಲ್ಡರ್ ಶೇರ್ ಮಾಡಿದ್ದಾನೆ, ಆದರೆ ತೆಗೆಯೋಕೆ ಬಿಡ್ತಿಲ್ಲ."

"ಆ ಸ್ನೇಹಿತನಿಗೂ ನಿಮ್ಮ ಥರಾನೇ ಮೀಸೆ ಇದೆಯಾ?"

"ನನ್ನಷ್ಟು ಚೆನ್ನಾಗಿಲ್ಲ."

"ಎರಡು ಕಡೆ ನೋಡೋಕೆ ಹೇಳಿ ಅವರಿಗೆ. ಶೇರಿಂಗ್ ಒಂದು, ಸೆಕ್ಯೂರಿಟಿ ಒಂದು. ಎರಡೂ ಒಪ್ಪಬೇಕು."

ಓಹೋ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ, ಅಷ್ಟೇ ತಾನೇ! ನಮ್ಮ ಒಂದೇ ಕೋಣೆಯ ಶಾಲೆಯ ಮೇಷ್ಟ್ರು ಇದನ್ನು ಮೂರನೇ ಕ್ಲಾಸಿನಲ್ಲೇ ಹೇಳಿಕೊಟ್ಟಿದ್ದರು.

ಟೀ ಅವನೇ ಕೊಡಿಸಿದ. ಅದೇ ಚುಚ್ಚುತ್ತಿದೆ.


ಮಾರ್ಚ್ 11, ಬೆಳಗ್ಗೆ

ಭದ್ರವಾಗಿ ಮಾಡಿದೆ. ಲೈನ್‌ಮನ್ ಬುದ್ಧಿ! ವೈಫೈ ಅಕ್ಕಪಕ್ಕದ ಮನೆಗೂ ಹರಿಯುತ್ತದೆ. ನಮ್ಮ ಕಾಲದಲ್ಲಿ ಲೈನ್ ಕಲೆತು ಯಾರದೋ ಗುಟ್ಟು ಯಾರದೋ ಕಿವಿಗೆ ಬಿದ್ದು ಎರಡು ಮದುವೆ ಮುರಿದಿವೆ. ಸೆಕ್ಯೂರಿಟಿಯಲ್ಲಿ 'ಎವ್ರಿವನ್' ಅಂತ ಒಂದು ಹೆಸರು ಸೇರಿಸಿದೆ. ಎಲ್ಲರೂ ಅಂತ ಅರ್ಥ. ಅದರ ಮುಂದೆ 'ಡಿನೈ', ಉದ್ದಕ್ಕೂ ಟಿಕ್. ಕೆಳಗೆ 'ಗುಬ್ಬಿ', ಮುಂದೆ 'ಅಲೋ', ಅಂದರೆ ಒಳಗೆ ಬಿಡು. ಎಲ್ಲರಿಗೂ ಬೇಡ, ಗುಬ್ಬಿಗೆ ಮಾತ್ರ. ಯಂತ್ರ ಏನೋ ಎಚ್ಚರಿಕೆ ಒದರಿತು, ಹೂಂ ಅಂದೆ.

ಅದೇ ಹುಮ್ಮಸ್ಸಿನಲ್ಲಿ ಮೆಟ್ಟಿಲಿಗೂ ರಟ್ಟು ಕಟ್ಟಿದೆ: 'ಯಾರೂ ಹತ್ತಕೂಡದು.' ಪಕ್ಕದ ಮನೆಯವರು, ಅಕ್ಕನ ವಾಕಿಂಗ್ ಗೆಳತಿಯರು, ದಿನಾ ಮೇಲೆ ಜಾತ್ರೆ. ಹುಡುಗಿ ಚಿತ್ರ ಬರೆಯಬೇಕೋ, ಯಾರ ಹೊಟ್ಟೆ ಯಾವ ಆಕಾರ ಅಂತ ಕೇಳಬೇಕೋ?


ಅದೇ ದಿನ, 12 ಗಂಟೆ

ಅವಳಿಗೆ ತೆರೆಯಲಿಲ್ಲ. ಕೆಳಗೆ ಬಂದು ನೋಡಿದೆ.

ನನಗೂ ತೆರೆಯುತ್ತಿಲ್ಲ.

ಇಪ್ಪತ್ತೊಂದು ಚಿತ್ರ ಒಳಗಿವೆ.


ಮಾರ್ಚ್ 15

ಬರೆಯಲು ಮನಸ್ಸಿರಲಿಲ್ಲ. ಸ್ಕ್ಯಾನರ್ ಬಿಸಿಯಾಗಿದೆ, ರೆಸ್ಟ್ ಕೊಟ್ಟಿದ್ದೇನೆ ಅಂತ ಸುಳ್ಳು ಹೇಳಿದೆ. ಪಾಪ, ನಂಬಿದಳು. ಉಳಿದ ಮೂರು ಚಿತ್ರ ಕಾಗದದ ಮೇಲೆ ಮುಗಿಸಿ ಕಾಯುತ್ತಿದ್ದಾಳೆ. ಹಳೆಯದನ್ನು ಮತ್ತೆ ಸ್ಕ್ಯಾನ್ ಮಾಡಬಹುದು, ಆದರೆ ಅವಳು ತಿಂಗಳುಗಟ್ಟಲೆ ತಿದ್ದಿದ್ದು ಕಾಗದದಲ್ಲಿಲ್ಲ.

"ನಾಲ್ಕು ದಿನದಿಂದ ಮನುಷ್ಯರ ಮುಖ ನೋಡಿಲ್ಲ ಮಾವ."

"ನನ್ನದೇನು?"

"ನಿಮ್ಮದು... ಮೀಸೆ." ನಗಿಸಲು ಹೇಳಿದ್ದು. ಅವಳೇ ನಗಲಿಲ್ಲ. "ನಾಳಿದ್ದು ಕೆಲಸ ಶುರುವಾಗದಿದ್ದರೆ ನಾನು ಇಳೀತೀನಿ. ನೀವು ಅಡ್ಡ ಮಲಗಿದರೂ ದಾಟಿ ಇಳೀತೀನಿ."


ಮಾರ್ಚ್ 16, ಮಧ್ಯಾಹ್ನ 3

ಏಳನೇ ಮೆಟ್ಟಿಲ ಮೇಲೆ ಕಣ್ಣು ಹತ್ತಿತ್ತು. ಕನಸು. ಕಂಬದ ಮೇಲಿದ್ದೇನೆ, ಸೊಂಟಕ್ಕೆ ಹಗ್ಗ. ಸುತ್ತ ತಿಳಿನೀರು. ತಂತಿಯ ಮೇಲೆ ಸಾಲಾಗಿ ಮೀನು, ಗುಬ್ಬಚ್ಚಿ ಕೂತ ಹಾಗೆ. ಒಂದಕ್ಕೂ ಕಣ್ಣಿಲ್ಲ. ರಿಸೀವರ್ ಕಿವಿಗೆ ಹಿಡಿದೆ. ಆ ಕಡೆ ಯಾರೋ ತುಂಬ ಸಣ್ಣವರು ಉಸಿರಾಡುತ್ತಿದ್ದರು. "ಹಲೋ" ಅಂದೆ. ಲೈನ್ ಸರಿಯಾಗಿತ್ತು. ಮಾತು ಮಾತ್ರ ಇನ್ನೂ ಬಂದಿರಲಿಲ್ಲ ಅವರಿಗೆ.

ಎದ್ದಾಗ ಕೆನ್ನೆ ಒದ್ದೆ. ಜೊಲ್ಲು ಇರಬೇಕು.

ನಾಳೆ ಬೆಳಗ್ಗೆ ಚಶ್ಮನ ಕಾಲು ಹಿಡಿಯುವುದು. ಮೀಸೆ ಹೋದರೆ ಹೋಗಲಿ.


ಮಾರ್ಚ್ 17, ಬೆಳಗ್ಗೆ 11

ಬರೆಯಲೇಬೇಕು.

ಚಪ್ಪಲಿ ಮೆಟ್ಟಿ ಹೊರಟಿದ್ದೆ. ಅಕ್ಕ ಹಾಲಿನ ಲೋಟ ಹಿಡಿದು ಮೆಟ್ಟಿಲ ಬುಡದಲ್ಲಿ ಕಂಬದ ಹಾಗೆ ನಿಂತಿದ್ದಾಳೆ.

"ತಗೊಂಡು ಹೋಗು ಅಕ್ಕ, ಆರಿಹೋಗುತ್ತೆ."

"ಯಾರೂ ಹತ್ತಕೂಡದು ಅಂತ ಬರೆದಿದ್ದೀಯಲ್ಲೋ."

"ನಿನಗಲ್ಲ ಅದು! ಬೇರೆಯವರಿಗೆ."

"ಯಾರೂ ಅಂದ್ಮೇಲೆ ನಾನೂ ಬಂದೆ, ನೀನೂ ಬಂದೆ. ಆರು ದಿನದಿಂದ ಹೆತ್ತ ಮಗಳ ಬಾಗಿಲಿಗೆ ನಿನ್ನ ಕೈಲಿ ಲೋಟ ಕಳಿಸ್ತಿದ್ದೀನಿ. ಮೊದಲು ಆ ರಟ್ಟು ಬಿಚ್ಚು. ಆಮೇಲೆ ಒಬ್ಬೊಬ್ಬರನ್ನೇ ಕರಿ."

ರಟ್ಟು ನೋಡಿದೆ. ನನ್ನದೇ ಅಕ್ಷರ, ದಪ್ಪಗೆ.

ಎವ್ರಿವನ್. ಎಲ್ಲರೂ.

ಗುಬ್ಬಿಯೂ ಎಲ್ಲರಲ್ಲಿ ಒಬ್ಬಳು. ನಾನೂ. ಎಲ್ಲರಿಗೂ ಬೇಡ ಅಂದಮೇಲೆ ಕೆಳಗೆ ಸಾವಿರ 'ಅಲೋ' ಬರೆದರೇನು? ಯಂತ್ರ ಬೇಡವನ್ನೇ ಮೊದಲು ಕೇಳುತ್ತದೆ. ಅಕ್ಕನ ಹಾಗೆ.

ಚಪ್ಪಲಿ ಕಾಲಲ್ಲೇ ಓಡಿದೆ. ಒಳಗೆ ಹೋಗಲು ನನ್ನನ್ನು ಬಿಡದಿದ್ದರೂ ಬೀಗ ಬದಲಿಸಲು ಬಿಟ್ಟಿತು, ಫೋಲ್ಡರ್ ಮಾಡಿದವನು ನಾನೇ ಅಲ್ಲವೇ. 'ಎವ್ರಿವನ್' ಸಾಲನ್ನೇ ಕಿತ್ತೆ. ಗುಬ್ಬಿ, ಅಲೋ. ಮಾವ, ಅಲೋ. ಬೇರೆ ಯಾರ ಹೆಸರೂ ಇಲ್ಲ. ಹೆಸರಿಲ್ಲದವರು ತಾವಾಗೇ ಹೊರಗೆ! ಇಷ್ಟೇ ಸಾಕಿತ್ತು.

ತೆರೆಯಿತು. ಇಪ್ಪತ್ತೊಂದೂ ಇವೆ.

ಮೇಲಕ್ಕೆ ಕೂಗಿ ಒತ್ತಲು ಹೇಳಿದೆ. ಆಮೇಲೆ, "ಮಾವಾ, ಬಂತು."

ರಟ್ಟನ್ನೂ ಬಿಚ್ಚಿದೆ. ಅಕ್ಕ ನನ್ನನ್ನು ತಳ್ಳಿಕೊಂಡೇ ಹತ್ತಿದಳು. ಇನ್ನೂ ಮೇಲೇ ಇದ್ದಾಳೆ. ಇಬ್ಬರ ನಗು ಕೇಳಿಸುತ್ತಿದೆ. ನನ್ನ ವಿಷಯವೇ ಇರಬೇಕು.


ಮಾರ್ಚ್ 18, ಮಧ್ಯಾಹ್ನ

ಏನೂ ಮಾಡದೆ ಕೆಳಗಿನ ಸ್ಕ್ರೀನ್ ಮುಂದೆ ಕೂತಿದ್ದೇನೆ. ಫೋಲ್ಡರಿನಲ್ಲಿ ಚಿತ್ರಗಳು ಚಿಕ್ಕ ಚಿಕ್ಕ ಕಿಟಕಿಗಳ ಹಾಗೆ. ಅವಳು ಮೇಲೆ ತಿದ್ದಿ ಸೇವ್ ಮಾಡಿದಾಗ ಇಲ್ಲೊಂದು ಕಿಟಕಿ ಮೆಲ್ಲಗೆ ಬದಲಾಗುತ್ತದೆ. ಯಾರೂ ಮುಟ್ಟುವುದಿಲ್ಲ. ಮೆಟ್ಟಿಲು ಖಾಲಿ. ಹಸಿರು ದೀಪ ಮಿಣುಕ್...

ಮೀನಿಗೆ ಕಣ್ಣು ಬಂತು. ಒಂದು. ಇನ್ನೊಂದು. ಸಾಲಾಗಿ ನನ್ನನ್ನೇ ನೋಡುತ್ತಿವೆ.

ಬೆಟ್ಟಕ್ಕೂ ಬೆಟ್ಟಕ್ಕೂ ತಂತಿ ಎಳೆದಾಗಲೂ ಹೀಗೆ ಆಗಿರಲಿಲ್ಲ. (ಎರಡೂ ಗುಡ್ಡಗಳು, ನಿಜ ಹೇಳಬೇಕೆಂದರೆ.)


ಮಾರ್ಚ್ 20, ಸಂಜೆ 4

ಇಪ್ಪತ್ತನಾಲ್ಕೂ ಕಳಿಸಿದೆವು. ಡಿಸ್ಕಿನಲ್ಲಿ ಹಾಕಿ ನಾನೇ ಪ್ರಕಾಶಕರ ಕೈಗೆ ಕೊಟ್ಟು ಬಂದೆ. ಇಡೀ ವ್ಯವಸ್ಥೆ ಯಾರದು ಅಂತಲೂ ಹೇಳಿ ಬಂದೆ. ದಾರಿಯಲ್ಲಿ ಚಶ್ಮ. "ಸ್ನೇಹಿತರದು ಸರಿಹೋಯ್ತಾ?" ಟೀ ನಾನು ಕೊಡಿಸಿದೆ. ಸರಿಹೋಯಿತು ಲೆಕ್ಕ.


ಏಪ್ರಿಲ್ 2, ಬೆಳಗ್ಗೆ 9

ಡಾಕ್ಟರಮ್ಮ ಬಂದು ಹೋದರು. ಇನ್ನು ನಿಧಾನಕ್ಕೆ ಇಳಿಯಬಹುದಂತೆ, ತಿಂಗಳು ತುಂಬಿತು, ಹೆದರಿಕೆಯಿಲ್ಲವಂತೆ.

'ಸಮುದ್ರ'ದಲ್ಲಿ ಹೊಸ ಫೈಲೊಂದಿದೆ. ಹೆಸರು 'ಮಾವನೇ ಜಾಣ'. ತೆಗೆದೆ. ಏಳನೇ ಮೆಟ್ಟಿಲ ಮೇಲೆ ಮೀಸೆಯವನೊಬ್ಬ ಬಾಯಿ ಬಿಟ್ಟು ಮಲಗಿದ್ದಾನೆ, ಕೈಯಲ್ಲಿ ಪೆನ್‌ಡ್ರೈವ್. ಮೀನುಗಳು ಅವನನ್ನು ಎಬ್ಬಿಸದಂತೆ ಮೈ ಓರೆ ಮಾಡಿಕೊಂಡು ಇಳಿಯುತ್ತಿವೆ. ಕೊನೆಯಲ್ಲೊಂದು ಪುಟಾಣಿ ಮೀನು ಮಾತ್ರ ಮೀಸೆ ಹಿಡಿದು...

"ಮಾವಾ, ಇಳೀತಿದ್ದೀನಿ. ಪರ್ಮಿಷನ್ ಇದೆಯಾ?"

"ಹೆಸರು ಹೇಳು!"

"ಗುಬ್ಬಿ. ಜೊತೆಗೆ ಇನ್ನೊಬ್ಬರು, ಹೆಸರಿಟ್ಟಿಲ್ಲ."

ಅಕ್ಕ ಕೈ ಹಿಡಿದಿದ್ದಾಳೆ. ಹೆಜ್ಜೆ ಕೇಳಿಸುತ್ತಿದೆ. ನಾಲ್ಕು. ಐದು. ಏಳರಲ್ಲಿ ನಿಂತಳು, ಸುಧಾರಿಸಿಕೊಳ್ಳುತ್ತಿದ್ದಾಳೆ. ಎಂಟು. ಹತ್ತು. ಈ ಡೈರಿಯನ್ನು ಎಲ್ಲಿ ಬಚ್ಚಿಡಲಿ, ಆ ಸ್ಕ್ಯಾನರ್ ಬಿಸಿಯಾದ ಸುಳ್ಳೆಲ್ಲ ಇದರಲ್ಲೇ ಇದೆ. ಈ ಮನೆಯಲ್ಲಿ ಒಂದಕ್ಕೂ ಬೀಗವಿಲ್ಲ. ಹನ್ನೆರಡು. ಹದಿಮೂರು. ಹ