ಹೊಕ್ಕುಳಬಳ್ಳಿಯ ಸದ್ದು

ಆಗಸ್ಟ್ 4, ಸೋಮವಾರ. ಮಧ್ಯಾಹ್ನ 3
ಟಪಾಲು ರಿಜಿಸ್ಟರ್ ಬರೆಯುತ್ತ ಮತ್ತೆ ತೂಕಡಿಕೆ. ಹುನಗುಂದದ ಈ ಆಫೀಸು, ಫ್ಯಾನು, ಫೈಲು — ಎಲ್ಲ ನೀರಿನೊಳಗೆ ಇದ್ದಂತೆ. ಬಸಿರಿಗೆ ಇಪ್ಪತ್ತಾರನೇ ವಾರ. ಬೆಳಿಗ್ಗೆ ಗ್ಲುಕೋಸ್ ಕುಡಿಸಿ, ಎರಡು ತಾಸು ಬಿಟ್ಟು ರಕ್ತ ತೆಗೆದಿದ್ದರು. ಈಗ ಫೋನು ಬಂತು. ಶುಗರ್ ನೂರಾ ಎಂಬತ್ತೆರಡು, ನೂರಾ ನಲವತ್ತರೊಳಗೆ ಇರಬೇಕಿತ್ತಂತೆ. ಒಳಗೆ ಕೂಸು ಒದೆಯುತ್ತಿದೆ, ಏನೂ ಆಗಿಲ್ಲವೆಂಬಂತೆ.

ಆಗಸ್ಟ್ 6
ಡಾಕ್ಟರ್ ಸುಧಾರಾಣಿ ಅಂದರು: "ನಿಮ್ಮ ತಪ್ಪಲ್ರಿ. ಬಸಿರಾಗ ಬರೋ ಶುಗರ್. ಏರಿದ್ರ ರಕ್ತನಾಳಕ್ಕ ಪೆಟ್ಟು, ಬಿಪಿ ಏರಬಹುದು, ಕೂಸಿಗೂ ತ್ರಾಸು. ಉಂಡಮ್ಯಾಲೆ ಅಡ್ಡಾಡ್ರಿ."
ಮನೆಯಲ್ಲಿ ಹೇಳಿದೆ. ಸುಂದರವ್ವ ಅತ್ತೆ ಬೆಲ್ಲದ ಅಂಟಿನುಂಡೆಯ ತಟ್ಟೆ ಮುಂದೆ ಸರಿಸಿದರು. "ಬಸುರಿ ಬಾಯಿ ಕಟ್ಟಬಾರದವಾ."
ಗಂಡ ದುಂಡೇಶ ಇಬ್ಬರ ಮುಖವನ್ನೂ ನೋಡಿ ಟೀವಿ ಕಡೆ ತಿರುಗಿದ. ಒಂದು ತಿಂದೆ. ತಾಸಿನ ಮೇಲೆ, ಡಾಕ್ಟರ್ ಕೊಳ್ಳಲು ಹೇಳಿದ್ದ ಮಷೀನಿನಲ್ಲಿ ಚೆಕ್ ಮಾಡಿದರೆ ಇನ್ನೂರಾ ಹನ್ನೊಂದು. ಯಾರಿಗೂ ಹೇಳಲಿಲ್ಲ.

ಆಗಸ್ಟ್ 29
ಇನ್ಸುಲಿನ್ ಶುರುವಾಗಿ ಹತ್ತು ದಿನ. ಬಿಪಿಯೂ ಏರಿದೆ. ಇಂದು ಬಾಗಲಕೋಟೆಯಲ್ಲಿ ಸ್ಕ್ಯಾನ್. ದುಂಡೇಶನಿಗೆ ಮರೋಳದ ಪಂಪ್‌ಹೌಸಿನಲ್ಲಿ ಡ್ಯೂಟಿ, ಅತ್ತೆಯೇ ಬಂದರು.
ಕತ್ತಲ ಕೋಣೆ. ಪರದೆಯ ಮೇಲೆ ಕೆಂಪು, ನೀಲಿ. ಹುಶ್... ಹುಶ್... ಹುಶ್...
"ಏನ್ರಿ ಅದು ಸಪ್ಪಳ?"
"ಹೊಕ್ಕಳಬಳ್ಳ್ಯಾಗ ರಕ್ತ ಹರಿಯೂದ್ರಿ ಅಜ್ಜಿ," ಅಂದರು ಸ್ಕ್ಯಾನ್ ಡಾಕ್ಟರು. "ಛೊಲೋ ಹರದೈತಿ. ಇದು ಕಡಿಮಿ ಆಗದಂಗ ನೋಡ್ಕೋಬೇಕು."
ಅತ್ತೆ ನನ್ನ ಪಾದ ಗಟ್ಟಿಯಾಗಿ ಹಿಡಿದುಕೊಂಡರು. ಬಿಡಲೇ ಇಲ್ಲ.
ಬಸ್ಸಿನಲ್ಲಿ, ಕಿಟಕಿಯಾಚೆ ಹಿನ್ನೀರು ಹೊಳೆಯುತ್ತಿದ್ದಾಗ, ತಾವಾಗಿಯೇ ಅಂದರು: "ದುಂಡೇಶ ಹುಟ್ಟಿದಮ್ಯಾಲೆ ಒಂದು ಹೆಣ್ಣಿತ್ತು. ಭಾಳ ದಪ್ಪ ಕೂಸು. ದಿನಾ ತುಂಬಿದ್ವು, ಹೊಟ್ಟ್ಯಾಗ ಸುಮ್ಮನಾತು, ಸತ್ತ ಹುಟ್ಟಿತು. ದೃಷ್ಟಿ ಅಂದ್ರು. ನಾನೂ ಹಂಗ ನಂಬೀದ್ನಿ."
ಅವರ ಕೈ ಹಿಡಿದುಕೊಂಡೆ. ಇಬ್ಬರೂ ನೀರು ನೋಡುತ್ತ ಕುಳಿತೆವು...

ಸೆಪ್ಟೆಂಬರ್ 21, ಭಾನುವಾರ
ನನ್ನ ಸೀಮಂತದ ಕುಬಸ. ಹಸಿರು ಇಳಕಲ್ ಸೀರೆ, ಹಸಿರು ಬಳೆ. ಓಣಿಯ ಹೆಂಗಸರು ಸಿಹಿ ಹೊತ್ತು ತಂದರು. ಅತ್ತೆ ಬಾಗಿಲಲ್ಲೇ ನಿಂತು, "ಹೂ ಮುಡಸ್ರಿ, ಉಡಿ ತುಂಬ್ರಿ. ಸಿಹಿ ಮಾತ್ರ ನೀವ ತಿನ್ರಿ!"
ನನಗೆ ರೊಟ್ಟಿ, ಹೆಸರುಕಾಳು ಪಲ್ಯ. ಸಂಜೆ ಅತ್ತೆಯೂ ನಾನೂ ನಡೆದೆವು. ಅತ್ತೆಯ ಆ ಹೆಣ್ಣುಕೂಸು ಬದುಕಿದ್ದರೆ ಹೆಚ್ಚುಕಡಿಮೆ ನನ್ನ ವಯಸ್ಸು. ಬಿಸಿಲು ಇಳಿಯುವಾಗ, ಅವಳೂ ಪಕ್ಕದಲ್ಲೇ ನಡೆಯುತ್ತಿದ್ದಾಳೆ ಅನಿಸಿತು.

ಅಕ್ಟೋಬರ್ 28. ಬೆಳಿಗ್ಗೆ 8
ನಿನ್ನೆ ಹೆಣ್ಣು ಹುಟ್ಟಿತು. ಎರಡು ಕಿಲೋ ಒಂಬೈನೂರು. ಅದರ ಶುಗರ್ ಸರಿಯಿದೆ. ನನ್ನ ಬಿಪಿ ಮೆಲ್ಲಗೆ ಇಳಿಯುತ್ತಿದೆ. ಆರು ವಾರಕ್ಕೆ ಮತ್ತೆ ಟೆಸ್ಟು, ಆಮೇಲೂ ವರ್ಷಕ್ಕೊಮ್ಮೆ. ಶುಗರ್ ಹೋದರೂ ಹೃದಯ, ರಕ್ತನಾಳಗಳ ಮೇಲೆ ಒಂದು ಕಣ್ಣಿರಬೇಕಂತೆ.
ಈಗಷ್ಟೇ ನನ್ನ ಶುಗರ್ ನೋಡಲು ನರ್ಸ್ ಬಂದಿದ್ದರು. ಅತ್ತೆ ತಮ್ಮ ಬೆರಳು ಚಾಚಿ, "ನಂದೂ ನೋಡ್ರಿ."
ಇನ್ನೂರಾ ಅರವತ್ತು.
ಅತ್ತೆ ಬೆರಳಿಗೆ ಹತ್ತಿ ಒತ್ತಿಕೊಂಡರು. "ಆ ಕೂಸು ಹೊಟ್ಟ್ಯಾಗಿದ್ದಾಗ ಯಾರರೆ ಹಿಂಗ ನೋಡಿದ್ರ..."
ತಬ್ಬಿಕೊಂಡೆ. ಔಷಧ ಶುರು ಮಾಡೋಣ್ರಿ, ಅಂದೆ. ತಲೆಯಾಡಿಸಿದರು. ಮಗು ಎದ್ದಿದೆ, ಬಾಯಿ ತೆರೆದು ಹುಡುಕುತ್ತಿದೆ, ಅತ್ತೆ ಎತ್ತಿ ಕೊಡುತ್ತಿದ್ದಾರೆ, ಪೆನ್ನು ಕೆಳಗಿಡುತ್ತೇನೆ.